ಎರಡನೇ ಮುದ್ದೆ

ಹಿಂದಿನ ಸೀಟಿನಲ್ಲಿ ಇನ್ನೊಬ್ಬರಿಗೆ ಜಾಗ ಇದೆ, ಬನ್ನಿ. ಕಾಲ ಹತ್ತಿರ ಇರುವ ಬ್ಯಾಗನ್ನು ಮಾತ್ರ ತುಳಿಯಬೇಡಿ, ಅದರಲ್ಲಿ ಲಗ್ನಪತ್ರಿಕೆಗಳಿವೆ. ತುಳಿದಿರೋ, ಅಮ್ಮ ನಿಮ್ಮನ್ನು ಇಲ್ಲೇ ಎನ್.ಆರ್. ಸರ್ಕಲ್ಲಿನಲ್ಲಿ ಇಳಿಸಿ ಮುಂದೆ ಹೋಗುತ್ತಾಳೆ.

ಸಂಕ್ರಾಂತಿ ಕಳೆದ ಭಾನುವಾರ. ಹಾಸನ ಇನ್ನೂ ಮಂಜು ಹೊದ್ದು ಮಲಗಿದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರು. ಬಡವರ ಊಟಿ ಅಂತ ಕರೆಯುವುದು ಸುಮ್ಮನೆ ಅಲ್ಲ ಅನ್ನುವುದು ಜನವರಿಯ ಬೆಳಗ್ಗೆ ಏಳು ಗಂಟೆಗೆ ಕಾರಿನ ಕಿಟಕಿ ಇಳಿಸಿದರೆ ಗೊತ್ತಾಗುತ್ತದೆ. ಕಟ್ಟಿನಕೆರೆ ಮಾರ್ಕೆಟ್ಟಿನ ಹತ್ತಿರ ಹೂವಿನವಳು ತಲೆಗೆ ಮಫ್ಲರ್ ಸುತ್ತಿಕೊಂಡು, ಸೇವಂತಿಗೆ ಮಾಲೆಯನ್ನು ಮೊಣಕೈಯಿಂದ ಬೆರಳ ತುದಿಗೆ ಹಿಡಿದು ಮೊಳ ಅಳೆಯುತ್ತಿದ್ದಾಳೆ. ಕೊನೆಯ ಮೊಳಕ್ಕೆ ಬರುವ ಹೊತ್ತಿಗೆ ಬೆರಳು ಒಂಚೂರು ಮಡಚಿಕೊಳ್ಳುತ್ತವೆ. ಅಮ್ಮನ ಕಣ್ಣು ಅದೇ ಬೆರಳಿನ ಮೇಲೆ. “ಬೆರಳು ನೀಡ್ಕಂಡು ಅಳಿಯವ್ವ, ಶುಭಕಾರ್ಯಕ್ಕೆ ಹೊರಟಿದೀವಿ.” ಹೂವಿನವಳು ನಕ್ಕು ಮೇಲೆ ನಾಲ್ಕು ಹೂವಿನಷ್ಟು ಉದ್ದ ಬಿಟ್ಟು ದಾರ ಕಚ್ಚಿ ಹರಿಯುತ್ತಾಳೆ.

ಮದುವೆ ನನ್ನ ತಂಗಿಯದು, ಮಾಘದಲ್ಲಿ, ಇಲ್ಲೇ ಹಾಸನದ ಛತ್ರದಲ್ಲಿ. ಪತ್ರಿಕೆಯ ಪಿಡಿಎಫ್ ವಾಟ್ಸ್ಆ್ಯಪ್‌ನಲ್ಲಿ ಎಲ್ಲರಿಗೂ ಯಾವಾಗಲೋ ಹೋಗಿದೆ, ಎಲ್ಲರೂ ಕೈಮುಗಿದ ಚಿತ್ರ ಹಾಕಿಯೂ ಆಗಿದೆ. “ಮತ್ಯಾಕಮ್ಮ ನಾಲ್ಕೂರು ಸುತ್ತೋದು?” ಅಂತ ನಾನು ಕೇಳಿದ್ದಕ್ಕೆ ಅಮ್ಮ ಕೊಟ್ಟ ಉತ್ತರ ಇಷ್ಟೇ: “ಮೊಬೈಲಲ್ಲಿ ಕರೆದ್ರೆ ಮೊಬೈಲಲ್ಲೇ ಬತ್ತಾರೆ.”

ಹಾಗಾಗಿ ಇವತ್ತಿನ ಸುತ್ತು ಹೀಗಿದೆ. ಹಾಸನದಿಂದ ಅರಕಲಗೂಡು, ಅಲ್ಲಿಂದ ಹೊಳೆನರಸೀಪುರ, ಆಮೇಲೆ ಚನ್ನರಾಯಪಟ್ಟಣ, ಕತ್ತಲಾಗುವ ಹೊತ್ತಿಗೆ ಹೆದ್ದಾರಿ ಹಿಡಿದು ವಾಪಸ್ ಹಾಸನ. ಒಂದೂರಿಗೂ ಇನ್ನೊಂದೂರಿಗೂ ಹೆಚ್ಚೆಂದರೆ ಒಂದು ಗಂಟೆಯ ದಾರಿ. ಅದೇ ಕಷ್ಟ. ದೂರ ಇದ್ದರೆ ಬಸ್ಸು ತಪ್ಪುತ್ತದೆ, ಕತ್ತಲಾಗುತ್ತದೆ ಅಂತ ನೆಪ ಹೇಳಬಹುದು. ಮುಕ್ಕಾಲು ಗಂಟೆ ದೂರದಲ್ಲಿ ಕೂತವರಿಗೆ ಊಟ ಬೇಡ ಅನ್ನಲು ಯಾವ ನೆಪವೂ ಒದಗುವುದಿಲ್ಲ.

ಕಾರು ಓಡಿಸುತ್ತಿರುವವರು ಚಿಕ್ಕಪ್ಪ. ಪಕ್ಕದಲ್ಲಿ ಅಮ್ಮ, ಹಿಂದೆ ಚಿಕ್ಕಮ್ಮ, ನಾನು, ಚಿಕ್ಕಮ್ಮನ ತೊಡೆಯ ಮೇಲೆ ಅವರ ಮೊಮ್ಮಗಳು, ಈಗ ನೀವು. ನಿಮಗೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೋದ ಕಡೆಯೆಲ್ಲ ನಿಮ್ಮನ್ನು “ಯಾವೂರು?” ಅಂತ ಕೇಳುತ್ತಾರೆ. ಬೆಂಗಳೂರು ಅಂದರೆ ಸಾಕಾಗುವುದಿಲ್ಲ. “ಬೆಂಗ್ಳೂರು ಸರಿ, ಸ್ವಂತ ಊರು?” ಅಂತ ಬರುತ್ತದೆ. ಅದನ್ನೂ ಹೇಳಿದ ಮೇಲೆ “ಅಲ್ಲಿ ಯಾರ ಪೈಕಿ?” ಕಾಫಿ ಲೋಟ ಖಾಲಿಯಾಗುವುದರೊಳಗೆ ನಿಮ್ಮ ಜಾತಿ, ಸಂಬಳ, ಮದುವೆಯ ವಿಚಾರ ಮೂರೂ ಅವರಿಗೆ ಗೊತ್ತಾಗಿರುತ್ತದೆ, ಒಂದನ್ನೂ ನೇರವಾಗಿ ಕೇಳಿರುವುದಿಲ್ಲ.

ಹೊರಡುವ ಮೊದಲು ಹಾಸನಾಂಬೆಯ ಗುಡಿಯ ಮುಂದೆ ಒಂದು ನಿಲುಗಡೆ. ಗರ್ಭಗುಡಿಯ ಬಾಗಿಲು ಮುಚ್ಚಿದೆ; ಅದು ತೆರೆಯುವುದು ವರ್ಷಕ್ಕೊಂದೇ ಸಲ, ಆಶ್ವಯುಜ ಹುಣ್ಣಿಮೆ ಕಳೆದ ಮೇಲಿನ ಗುರುವಾರ, ಮುಚ್ಚುವುದು ಬಲಿಪಾಡ್ಯಮಿ ಕಳೆದ ಮೇಲೆ. ಅಮ್ಮ ಹೊರಗಿನಿಂದಲೇ ಪತ್ರಿಕೆ ಎತ್ತಿ ತೋರಿಸಿ ಕೈಮುಗಿಯುತ್ತಾಳೆ. ಬಾಗಿಲು ತೆರೆದ ದಿನಗಳಲ್ಲಿ ನಮ್ಮ ಮನೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೂರೂ ತಾಲ್ಲೂಕಿನ ನೆಂಟರು ಬಂದು, ಸರದಿಯಲ್ಲಿ ಗಂಟೆಗಟ್ಟಲೆ ನಿಂತು, ದರ್ಶನ ಮುಗಿಸಿ, ನಮ್ಮ ಹಜಾರದಲ್ಲಿ ಅಡ್ಡಾಗಿ, ಉಂಡು ಹೋಗುತ್ತಾರೆ. ಇವತ್ತು ನಾವು ತಿನ್ನಲು ಹೊರಟಿರುವುದು ಆ ಲೆಕ್ಕದ ಬಾಕಿಯನ್ನೇ ಅನ್ನಿ.

ಗೊರೂರು ದಾರಿಯಲ್ಲಿ ಮಂಜು ಇನ್ನೂ ದಟ್ಟ. ಒಂದು ಕಡೆ ರಾಗಿ ತೆನೆಯನ್ನು ರಸ್ತೆಯ ಅರ್ಧಕ್ಕೆ ಹರಡಿದ್ದಾರೆ, ಹೋಗುವ ಬರುವ ಗಾಡಿಗಳೇ ಒಕ್ಕಣೆ ಮಾಡಿಕೊಡಲಿ ಅಂತ. ಪೊಲೀಸರು ಬೇಡ ಅನ್ನುತ್ತಾರೆ, ಪ್ರತಿ ವರ್ಷವೂ ಅನ್ನುತ್ತಾರೆ. ಚಿಕ್ಕಪ್ಪ ಬೈದುಕೊಂಡೇ ಅದರ ಮೇಲೆ ನಿಧಾನಕ್ಕೆ ಹತ್ತಿಸುತ್ತಾರೆ, ಅವರ ಹೊಲದ ರಾಗಿಯೂ ಹೀಗೇ ಒಕ್ಕಣೆಯಾಗಿದ್ದು. ಗೊರೂರು ಬಂತು. 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟೆ ಇರುವುದು ಇಲ್ಲಿ. 1904ರಲ್ಲಿ ಹುಟ್ಟಿ ಈ ಊರಿನ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡ ರಾಮಸ್ವಾಮಿ ಅಯ್ಯಂಗಾರರು ಇಲ್ಲಿಯವರು. ಊಟದ ಪಂಕ್ತಿಯ ಜಗಳ, ನೆಂಟರ ಉಪಚಾರದ ಹಿಂಸೆ ಇವನ್ನೆಲ್ಲ ನಗುತ್ತಾ ಬರೆಯಬಹುದು ಅಂತ ಕನ್ನಡಕ್ಕೆ ತೋರಿಸಿದವರಲ್ಲಿ ಅವರು ಮೊದಲಿಗರು. ನಮ್ಮ ಇವತ್ತಿನ ಪ್ರಯಾಣ ಅವರ ಕೈಗೆ ಸಿಕ್ಕಿದ್ದರೆ ನನಗೆ ಈ ಕೆಲಸ ಇರುತ್ತಿರಲಿಲ್ಲ.

ಅರಕಲಗೂಡು. ಅ.ನ.ಕೃ. ಅವರ ಹೆಸರಿನ ‘ಅ’ ಈ ಊರೇ, ಅವರು ಹುಟ್ಟಿದ್ದು ಕೋಲಾರದಲ್ಲಾದರೂ. ದೊಡ್ಡಪ್ಪನ ಮನೆ ಪೇಟೆಯಿಂದ ಸ್ವಲ್ಪ ಹೊರಗೆ, ಹೊಲದ ಬದುವಿನಲ್ಲಿ. ಮನೆಗಿಂತ ಎತ್ತರವಾಗಿ ನಿಂತಿರುವ ಆ ಕಿಟಕಿಯಿಲ್ಲದ ಕಟ್ಟಡ ನೋಡಿ ಗೋದಾಮು ಅಂದುಕೊಳ್ಳಬೇಡಿ, ಅದು ಹೊಗೆಸೊಪ್ಪು ಬೇಯಿಸುವ ಬ್ಯಾರನ್. ಕಡ್ಡಿಗೆ ಪೋಣಿಸಿದ ಹಸಿ ಎಲೆಯನ್ನು ಒಳಗೆ ಸಾಲುಸಾಲಾಗಿ ನೇತುಹಾಕಿ, ಕೆಳಗೆ ಕೊಳವೆಯಲ್ಲಿ ಹಗಲೂ ರಾತ್ರಿ ಬಿಸಿ ಹಾಯಿಸುತ್ತಾರೆ. ಸೊಪ್ಪು ಬಂಗಾರದ ಬಣ್ಣಕ್ಕೆ ತಿರುಗುವವರೆಗೆ ಮನೆಯಲ್ಲಿ ಒಬ್ಬರಿಗಾದರೂ ನಿದ್ದೆ ಇಲ್ಲ. ಈಗ ಬೇಯಿಸುವ ಕೆಲಸ ಮುಗಿದು, ಬೇಲು ಕಟ್ಟಿ ರಾಮನಾಥಪುರದ ಹರಾಜು ಮಾರುಕಟ್ಟೆಗೆ ಸಾಗಿಸುವ ಕಾಲ. ಒಳಗೆ ಕಾಲಿಟ್ಟರೆ ಸಿಹಿಯೂ ಘಾಟೂ ಬೆರೆತ ವಾಸನೆ ಮೂಗಿಗೆ ಬಡಿಯುತ್ತದೆ. ಮಧ್ಯಾಹ್ನದವರೆಗೂ ನಿಮ್ಮ ಅಂಗಿಯಲ್ಲಿ ಇರುತ್ತದೆ.

“ಆಲೂಗಡ್ಡೆ ಹಾಕ್ಲಿಲ್ವಾ?” ಚಿಕ್ಕಪ್ಪ ಕೇಳುತ್ತಾರೆ.

“ಹಾಕಿ ಏನ್ ಮಾಡಾನ? ಜಲಂಧರ್ ಬೀಜ ತಂದು ನೆಟ್ಟಿದ್ದೇ ಬಂತು. ಮಳೆ ಹಿಡ್ಕಂತು, ಅಂಗಮಾರಿ ಬಂತು, ಗಿಡ ಒಂದು ವಾರದಲ್ಲಿ ಕರ್ರಗಾಯ್ತು. ಮಗ ಈ ಸತಿ ಶುಂಠಿ ಅಂತಾವ್ನೆ.”

ಒಂದು ಕಾಲಕ್ಕೆ ಹಾಸನ ಅಂದರೆ ಆಲೂಗಡ್ಡೆ. ಪಂಜಾಬಿನಿಂದ ಲಾರಿಗಟ್ಟಲೆ ಬಿತ್ತನೆ ಗಡ್ಡೆ ಹಾಸನದ ಎಪಿಎಂಸಿಗೆ ಬಂದು ಇಳಿಯುತ್ತಿತ್ತು, ಮಾವಂದಿರು ಅಳಿಯಂದಿರು ಒಟ್ಟಿಗೆ ಹೋಗಿ ಆರಿಸಿ ತರುತ್ತಿದ್ದರು. ಮಾತು ಅಷ್ಟಕ್ಕೇ ನಿಲ್ಲುತ್ತದೆ, ಯಾಕೆಂದರೆ ಒಳಗಿಂದ ರೊಟ್ಟಿ ಬಂತು.

ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೇಲೆ ಬೆಣ್ಣೆ ಮುದ್ದೆ. ರೊಟ್ಟಿಯ ಅಂಚು ಗರಿಗರಿ, ನಡುವೆ ಮೆತ್ತಗೆ. ದೊಡ್ಡಮ್ಮ ತಟ್ಟುವಾಗ ಒತ್ತಿದ ಬೆರಳಿನ ಗುಳಿಗಳಲ್ಲಿ ಬೆಣ್ಣೆ ಕರಗಿ ನಿಂತಿದೆ. ತಟ್ಟೆ ಕೊಡುತ್ತಲೇ ಅವರು ನಿಮ್ಮನ್ನು ನೋಡಿ, “ಎರಡಾದ್ರೂ ತಿನ್ಬೇಕು. ಒಂದು ತಿಂದೋರು ವೈರಿಗಳಂತೆ” ಅನ್ನುತ್ತಾರೆ. ಈ ಮಾತನ್ನು ನೀವು ಇವತ್ತು ಇನ್ನೂ ಕೇಳಲಿದ್ದೀರಿ, ವಸ್ತು ಮಾತ್ರ ಬೇರೆಯಾಗುತ್ತದೆ.

ಪತ್ರಿಕೆ ಕೊಡುವುದು ತಿಂಡಿ ಆದ ಮೇಲೆ. ಅಮ್ಮ ತಟ್ಟೆ ಕೇಳಿ ತರಿಸಿ, ಎಲೆ ಅಡಿಕೆ, ಹೂವು, ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಪತ್ರಿಕೆ ಇಟ್ಟು, ದೊಡ್ಡಮ್ಮನ ಹಣೆಗೆ ಕುಂಕುಮ ಹಚ್ಚಿ, ಎರಡೂ ಕೈಯಲ್ಲಿ ತಟ್ಟೆ ನೀಡುತ್ತಾಳೆ. “ಹಿಂದಿನ ದಿನ ಚಪ್ಪರಕ್ಕೇ ಬಂದು ನಿಂತ್ಕಂಡು ನಡೆಸ್ಕೊಡ್ಬೇಕು.” ಅವರ ಮಗ ಪತ್ರಿಕೆ ತೆಗೆದು ಮೊದಲು ನೋಡುವುದು ಮುಹೂರ್ತವನ್ನಲ್ಲ, ಕೆಳಗಡೆ ‘ತಮ್ಮ ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ತನ್ನ ಹೆಸರು ಎಷ್ಟನೆಯದು ಅಂತ. ಇದೆ. ನಿಟ್ಟುಸಿರು ನನ್ನದು, ಪ್ರೂಫು ತಿದ್ದಿದವನು ನಾನು.

ಮೊಮ್ಮಗಳು ಮೀನು ನೋಡಬೇಕು ಅಂತ ಹಟ ಹಿಡಿದಿದ್ದಕ್ಕೆ ರಾಮನಾಥಪುರಕ್ಕೆ ಕಾರು ತಿರುಗಿತು. ಕಾವೇರಿ ಇಲ್ಲಿ ಬಂಡೆಗಳ ನಡುವೆ ಹಾಯುತ್ತಾಳೆ. ಮಡುವಿಗೆ ವಹ್ನಿಪುಷ್ಕರಿಣಿ ಅಂತ ಹೆಸರು, ಅದರಲ್ಲಿರುವ ಮೀನು ದೇವರ ಮೀನು, ಹಿಡಿಯುವಂತಿಲ್ಲ. ಹತ್ತು ರೂಪಾಯಿಯ ಕಡ್ಲೆಪುರಿ ಎರಚಿದರೆ ಹಸಿರು ನೀರು ಒಮ್ಮೆಲೇ ಕಪ್ಪಾಗುತ್ತದೆ, ಬೆನ್ನಿನ ಮೇಲೆ ಬೆನ್ನು, ನಿಮ್ಮ ಮೊಣಕೈ ಉದ್ದದವೂ ಇವೆ. ಮಗು ಕುಣಿಯುತ್ತದೆ. ಪಕ್ಕದಲ್ಲಿ ನಿಂತ ಚಿಕ್ಕಪ್ಪನ ಮುಖದಲ್ಲಿ ಭಕ್ತಿಗಿಂತ ಹೆಚ್ಚಾಗಿ ಇರುವುದು ಸಾರಿನ ಯೋಚನೆ. ಷಷ್ಠಿಯ ತೇರು ಮುಗಿದು ತಿಂಗಳ ಮೇಲಾಗಿದ್ದರೂ ಸುಬ್ರಹ್ಮಣ್ಯನ ಗುಡಿಯ ಮುಂದೆ ಹಣ್ಣುಕಾಯಿ ಅಂಗಡಿಗಳಲ್ಲಿ ಜನ ಕಡಿಮೆಯಿಲ್ಲ. ಇಲ್ಲಿಂದ ಹೊಳೆಯ ದಂಡೆಯಲ್ಲೇ ಸ್ವಲ್ಪ ಹೋದರೆ ಆರ್.ಕೆ. ಶ್ರೀಕಂಠನ್ ಹುಟ್ಟಿದ ರುದ್ರಪಟ್ಟಣ. ಮನೆಗೊಬ್ಬರು ಸಂಗೀತಗಾರರು ಅಂತ ಹೇಳುವ ಊರು. ಹೋಗಬೇಕಿತ್ತು. ಹೊಳೆನರಸೀಪುರದಿಂದ ಫೋನ್ ಬಂತು: “ಮುದ್ದೆಗೆ ಎಸರಿಟ್ಟಿದೀನಿ, ಎಲ್ಲಿದೀರಾ?”

ಎಸರಿಟ್ಟ ಮೇಲೆ ತಡಮಾಡುವಂತಿಲ್ಲ. ಹಳ್ಳಿಮೈಸೂರು ದಾಟಿ ಹೊಳೆನರಸೀಪುರಕ್ಕೆ ಬರುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿದೆ. ಹೇಮಾವತಿಯ ದಂಡೆಯ ಊರು, ಲಕ್ಷ್ಮೀನರಸಿಂಹನ ಊರು, ಹೊರಗಿನವರ ಬಾಯಲ್ಲಿ ಮಾತ್ರ ದೇವೇಗೌಡರ ಊರು. ಅವರು ಹುಟ್ಟಿದ ಹರದನಹಳ್ಳಿ ಇದೇ ತಾಲ್ಲೂಕಿನದು. 1996ರಲ್ಲಿ ಅವರು ಪ್ರಧಾನಿಯಾದ ಸುದ್ದಿ ಬಂದ ದಿನ ತಾನು ಎಲ್ಲಿದ್ದೆ, ಏನು ಮಾಡುತ್ತಿದ್ದೆ ಅಂತ ಹೇಳದವರು ಈ ಊರಲ್ಲಿ ಸಿಗುವುದು ಕಷ್ಟ. ಎಸರಿಟ್ಟು ಕಾಯುತ್ತಿರುವ ಅಮ್ಮನ ಅಕ್ಕ, ಅಂದರೆ ನನ್ನ ಈ ಊರಿನ ದೊಡ್ಡಮ್ಮನೂ ಹೇಳುತ್ತಾರೆ. ಅವರು ಆಗ ಅವರೆಕಾಯಿ ಸುಲಿಯುತ್ತಿದ್ದರಂತೆ. ಜೂನ್ ತಿಂಗಳಲ್ಲಿ ಎಲ್ಲಿಯ ಅವರೆಕಾಯಿ ಅಂತ ಯಾರೂ ಕೇಳುವುದಿಲ್ಲ.

ಈಗಂತೂ ಅದರದೇ ಕಾಲ. ಬಾಗಿಲಲ್ಲೇ ಸೊಗಡು ಹಿಡಿಯುತ್ತದೆ. ರಾತ್ರಿ ನೆನೆಹಾಕಿದ ಕಾಳನ್ನು ಬೆಳಗ್ಗೆಯೆಲ್ಲ ಕೂತು ಒಂದೊಂದಾಗಿ ಹಿತಕಿ ಸಿಪ್ಪೆ ತೆಗೆದಿದ್ದಾರೆ. ಸಿಪ್ಪೆಯ ಗುಡ್ಡೆ ಹಿತ್ತಲಲ್ಲಿ ಎಮ್ಮೆಯ ಮುಂದಿದೆ. ಅಡುಗೆಮನೆಗೆ ಬನ್ನಿ, ಮುದ್ದೆ ತೊಳಸುವುದನ್ನು ನೋಡುವಿರಂತೆ. ಕುದಿಯುವ ಎಸರಿಗೆ ಹಿಟ್ಟು ಸುರಿದು, ಗುಡ್ಡೆಯಾಗಿ ನಿಂತ ಹಿಟ್ಟಿನ ನಡುವೆ ಕೋಲು ಊರಿ, ಸುತ್ತಲಿಂದ ನೀರು ಉಕ್ಕಿ ಮೇಲೆ ಬರುವವರೆಗೆ ಬಿಡುತ್ತಾರೆ. ಆಮೇಲೆ ಪಾತ್ರೆಯನ್ನು ಕೆಳಗಿಳಿಸಿ ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಕೋಲನ್ನು ಎರಡೂ ಕೈಯಲ್ಲಿ ತಿರುವಿದರೆ ಭುಜ, ಸೊಂಟ, ಕಾಲು ಎಲ್ಲವೂ ಕೆಲಸಕ್ಕೆ ಬರುತ್ತವೆ. ಗಂಟೊಡೆದ ಮೇಲೆ ಕೋಲಿನ ಸದ್ದು ಬದಲಾಗುತ್ತದೆ, ಟಪಟಪ ಹೋಗಿ ಒಂದೇ ಸಮನೆ ಗುಸುಗುಸು. ದೊಡ್ಡಮ್ಮ ಅದನ್ನು ನೋಡಿ ತಿಳಿಯುವುದಿಲ್ಲ, ಕೇಳಿ ತಿಳಿಯುತ್ತಾರೆ. ಒದ್ದೆ ಕೈಯಲ್ಲಿ ಮಣೆಯ ಮೇಲೆ ಎರಡು ಸುತ್ತು ಉರುಳಿಸಿದರೆ ಮುದ್ದೆ ಹೊಳೆಯುತ್ತಾ ನಿಮ್ಮ ತಟ್ಟೆಗೆ ಬಂದು ಕೂರುತ್ತದೆ.

ಅಗಿಯಬೇಡಿ. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿ. ಸಾರು ಗಟ್ಟಿಯಾಗಿದೆ, ಕಾಯಿ ಗಸಗಸೆ ಅರೆದು ಹಾಕಿದ್ದು, ಬೇಳೆ ನಾಲಿಗೆಗೆ ಸಿಕ್ಕ ಕೂಡಲೇ ಎರಡಾಗುತ್ತದೆ. ನೀವು ಮೊದಲನೆಯ ಮುದ್ದೆ ಮುಗಿಸುವುದನ್ನೇ ದೊಡ್ಡಮ್ಮ ಕಾಯುತ್ತಿದ್ದಾರೆ. ಕೈ ಅಡ್ಡ ಹಿಡಿದು ಪ್ರಯೋಜನವಿಲ್ಲ, ತಟ್ಟೆಯ ಮೇಲೆ ಬಾಗಿದರೆ ಬೆನ್ನ ಮೇಲೇ ಇಕ್ಕಿಯಾರು. ಆದರೆ ಇವತ್ತು ಅಮ್ಮ ಒಂದು ಅಸ್ತ್ರ ಬಿಟ್ಟಳು: “ಬ್ಯಾಡ ಕಣಕ್ಕ, ಪಟ್ಣದಲ್ಲೂ ಉಣ್ಬೇಕು, ಅವ್ರು ಬೇಜಾರು ಮಾಡ್ಕತಾರೆ.” ದೊಡ್ಡಮ್ಮ ಒಂದು ಗಳಿಗೆ ಯೋಚಿಸಿ, ಇನ್ನೊಂದು ಮನೆಯ ಹಕ್ಕನ್ನು ಒಪ್ಪಿಕೊಂಡು, ಮುದ್ದೆಯನ್ನು ವಾಪಸ್ ಇಟ್ಟರು. ಎರಡನೇ ಮುದ್ದೆ ಮರಳಿ ಪಾತ್ರೆಗೆ ಹೋಗುವುದನ್ನು ನಾನು ಈ ಮನೆಯಲ್ಲಿ ಕಂಡಿರಲಿಲ್ಲ. ಈ ಒಪ್ಪಂದವನ್ನು ನೆನಪಿಟ್ಟುಕೊಳ್ಳಿ.

ಪತ್ರಿಕೆ ತೆಗೆದುಕೊಂಡ ದೊಡ್ಡಮ್ಮ ಹಿಂದಿನ ದಿನವಲ್ಲ, ಎರಡು ದಿನ ಮೊದಲೇ ಬರುವುದಾಗಿ ಹೇಳಿದರು. “ಬಸ್ ಫ್ರೀ ಐತಲ್ಲ, ಯಾರ್ನ ಕೇಳ್ಬೇಕು?” 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ದೊಡ್ಡಮ್ಮನ ಆಧಾರ್ ಕಾರ್ಡು ಎಲೆ ಅಡಿಕೆ ಚೀಲದಲ್ಲೇ ಇರುತ್ತದೆ. ಮೊದಲೆಲ್ಲ ತವರಿಗೆ, ತಂಗಿಯ ಮನೆಗೆ ಹೊರಡಬೇಕೆಂದರೆ ದೊಡ್ಡಪ್ಪನ ಜೇಬಿಗೆ ಕೈಚಾಚಬೇಕಿತ್ತು, ಅವರು ಯಾಕೆ, ಈಗೇನು ಅಂತ ಕೇಳುತ್ತಿದ್ದರು. ಈಗ ಬೆಳಗ್ಗೆ ಮುದ್ದೆ ಮಾಡಿಟ್ಟು ಹೊರಟರೆ ಹಾಸನದಲ್ಲಿ ಕಾಫಿ ಕುಡಿದು ಸಂಜೆ ದೀಪ ಹಚ್ಚುವುದರೊಳಗೆ ಮನೆಗೆ ಬರುತ್ತಾರೆ. ಸರ್ಕಾರದ ಲೆಕ್ಕದಲ್ಲಿ ಇದಕ್ಕೆ ಏನು ಹೆಸರೋ, ನಮ್ಮ ಮನೆಯಲ್ಲಿ ಇದಕ್ಕೆ ದಿಢೀರ್ ಭೇಟಿ ಅಂತ ಹೆಸರು.

ಮುಂದಿನ ದಾರಿ ಬೇಗ ಮುಗಿಯುತ್ತದೆ, ಯಾಕೆಂದರೆ ಎಲ್ಲರೂ ನಿದ್ದೆಹೋಗಿದ್ದಾರೆ. ತೆಂಗಿನ ತೋಟಗಳು ಶುರುವಾದದ್ದು ನಿಮಗೊಬ್ಬರಿಗೇ ಕಂಡಿರಬೇಕು. ಶ್ರವಣಬೆಳಗೊಳದ ಮೇಲೆ ಬಂದದ್ದರಿಂದ ವಿಂಧ್ಯಗಿರಿಯ ಬುಡದಲ್ಲಿ ಕಾರು ನಿಂತಾಗ ಒಮ್ಮೆ ಎಚ್ಚರವಾಯಿತು. ಕ್ರಿ.ಶ. 981ರಿಂದ ಒಂದೂ ತುತ್ತು ಉಣ್ಣದೆ ನಿಂತಿರುವ 58 ಅಡಿಯ ಗೊಮ್ಮಟನನ್ನು ನೋಡಲು ಹೊಟ್ಟೆ ತುಂಬಿದವರು ಮೆಟ್ಟಿಲು ಹತ್ತುವುದು ಆಗದ ಮಾತು. ಕೆಳಗಿನಿಂದಲೇ ಕೈಮುಗಿದು ಎಳನೀರು ಕುಡಿದು ಹೊರಟೆವು. ಚಿಕ್ಕಪ್ಪನಿಗೆ ಬೂಕನಬೆಟ್ಟದ ದನದ ಜಾತ್ರೆ ನೋಡುವ ಆಸೆ ಇತ್ತು. ಚಿಕ್ಕಮ್ಮ ಕಣ್ಣು ಬಿಟ್ಟು ನೋಡಿದರು, ಅಷ್ಟಕ್ಕೇ ಆಸೆ ಮುಗಿಯಿತು.

ಚನ್ನರಾಯಪಟ್ಟಣದಲ್ಲಿ ಅಮ್ಮನ ಅಣ್ಣನ ಮಗ, ಅವನ ಹೆಂಡತಿ. ಇಬ್ಬರೂ ಕೆಲಸಕ್ಕೆ ಹೋಗುವವರು, ಹೊಸ ಬಡಾವಣೆಯಲ್ಲಿ ಬಾಡಿಗೆ ಮನೆ. ಕಾರು ನಿಲ್ಲಿಸುವ ಮೊದಲೇ ಇಬ್ಬರೂ ಗೇಟಿನ ಹೊರಗೆ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಾರೆ.

“ಇಳೀಬೇಡಿ ಅತ್ತೆ, ಹೈವೇಗೆ ಹೋಗೋಣ. ಚೆನ್ನಾಗಿರೋ ಹೋಟ್ಲು ಆಗಿದೆ.”

ಅಮ್ಮನ ಮುಖ ನೋಡಿ. ಊರಲ್ಲಿ ನೆಂಟರ ಮನೆ ಇಟ್ಟುಕೊಂಡು ಹೋಟೆಲಿನಲ್ಲಿ ತಿನ್ನುವುದು ನಮ್ಮ ಕಡೆ ಜಗಳಕ್ಕೆ ಸಾಕಾಗುವಷ್ಟು ದೊಡ್ಡ ಕಾರಣ. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ ತಿಂದದ್ದು ಗೊತ್ತಾಗಿ ಎರಡು ಮನೆಗಳ ನಡುವೆ ಒಂದು ಯುಗಾದಿ ಪೂರ್ತಿ ಮಾತು ನಿಂತಿತ್ತು. ಆದರೆ ನೆಂಟರೇ ಹೋಟೆಲಿಗೆ ಕರೆದುಕೊಂಡು ಹೋದರೆ? ಇದಕ್ಕೆ ಅಮ್ಮನ ಹತ್ತಿರ ನಿಯಮವೇ ಇರಲಿಲ್ಲ. ಅವಳು ಹೊಸ್ತಿಲು ದಾಟಿ ನೀರಾದರೂ ಕುಡಿಯುತ್ತೇನೆಂದು ಇಳಿದು, ಒಳಗೆ ಹೋಗಿ, ಎರಡು ಗುಟುಕು ನೀರು ಕುಡಿದು ಬಂದಳು. ಶಾಸ್ತ್ರಕ್ಕೆ.

ಹೆದ್ದಾರಿ 75ರ ಹೋಟೆಲು. ಭಾನುವಾರ ಸಂಜೆ ಬೆಂಗಳೂರಿಗೆ ಮರಳುವವರೆಲ್ಲ ಇಲ್ಲೇ ಇದ್ದಾರೆ. ಧರ್ಮಸ್ಥಳದಿಂದ ಬಂದ ಬೋಳುತಲೆಯ ಮಕ್ಕಳು, ಚಿಕ್ಕಮಗಳೂರಿನಿಂದ ಬಂದ ಟೆಕ್ಕಿಗಳು, ಬಸ್ಸು ಬಿಟ್ಟೀತು ಅಂತ ದೋಸೆಯ ಜೊತೆ ಗಡಿಯಾರವನ್ನೂ ನುಂಗುತ್ತಿರುವವರು. ಟೇಬಲ್ಲು ಖಾಲಿಯಾಗಲು ಉಣ್ಣುತ್ತಿರುವವರ ಬೆನ್ನ ಹಿಂದೆ ನಿಲ್ಲಬೇಕು. ಅಮ್ಮನಿಗೆ ಅದು ಕಾಲು ಕಿತ್ತು ಓಡುವಷ್ಟು ಮುಜುಗರ. ಜಾಗ ಸಿಕ್ಕಿತು. ಸೊಸೆ ಎಲ್ಲರಿಗೂ ಬೆಣ್ಣೆದೋಸೆ, ಮಗುವಿಗೆ ಗೋಬಿ ಮಂಚೂರಿ ಹೇಳಿದಳು. ಮೂರು ಜನಕ್ಕೆ ಎರಡು ಬೈಟು ಕಾಫಿ ಹೇಗೆ ಅಂತ ಚಿಕ್ಕಪ್ಪ ಲೆಕ್ಕ ಹಾಕುತ್ತಿದ್ದಾರೆ.

ಪತ್ರಿಕೆ? ಅಮ್ಮ ಬ್ಯಾಗಿನ ಜಿಪ್ಪಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಾಳೆ. ಎಂಜಲು ಟೇಬಲ್ಲಿನ ಮೇಲೆ ಹೇಗೆ ಕೊಡುವುದು? ಆಗ ಸೊಸೆ ಚಟ್ನಿ ಬಟ್ಟಲು, ನೀರಿನ ಲೋಟಗಳನ್ನು ಒಂದು ಕಡೆ ಸರಿಸಿ, ಟಿಶ್ಯೂ ತೆಗೆದುಕೊಂಡು ಮೂಲೆಯನ್ನು ಒರೆಸಿ, ತನ್ನ ವ್ಯಾನಿಟಿ ಬ್ಯಾಗಿನಿಂದ ಸಣ್ಣ ಬೆಳ್ಳಿ ಕುಂಕುಮದ ಭರಣಿ ತೆಗೆದಿಟ್ಟಳು. ಮನೆಯಿಂದಲೇ ತಂದಿದ್ದಾಳೆ. ಎದ್ದು ನಿಂತು ಸೆರಗು ಸರಿಮಾಡಿಕೊಂಡು, ಅಮ್ಮನಿಗೂ ಚಿಕ್ಕಮ್ಮನಿಗೂ ಮೊದಲು ತಾನೇ ಕುಂಕುಮ ಹಚ್ಚಿದಳು. ತಟ್ಟೆಯ ಬದಲು ಹೋಟೆಲಿನ ಸ್ಟೀಲ್ ಟ್ರೇ. ಮಾಣಿ ಎರಡು ದೋಸೆ ಹಿಡಿದುಕೊಂಡು, ಶಾಸ್ತ್ರ ಮುಗಿಯುವವರೆಗೂ ಪಾಪ, ಅಲ್ಲೇ ನಿಂತಿದ್ದ. ಪಕ್ಕದ ಟೇಬಲ್ಲಿನ ಅಪರಿಚಿತ ಅಜ್ಜಿಯೊಬ್ಬರು ಕೂತಲ್ಲೇ ಹಣೆ ಮುಂದೆ ಮಾಡಿದರು, ಸೊಸೆ ಅವರಿಗೂ ಹಚ್ಚಿದಳು.

ಅಮ್ಮ ದೋಸೆಯನ್ನು ಪೂರ್ತಿ ತಿಂದಳು. ಸಾಗು ಎರಡನೇ ಸಲ ಹಾಕಿಸಿಕೊಂಡಳು. ಇದನ್ನು ನೀವೂ ನೋಡಿದಿರಿ.

ಬಿಲ್ಲಿನ ಯುದ್ಧ ನಡೆಯಲೇ ಇಲ್ಲ. ಚಿಕ್ಕಪ್ಪ ಮಾಣಿಯ ಕೈಗೆ ನೋಟು ತುರುಕಲು ಹೋದರೆ ಅವನು ಹಿಂದೆ ಸರಿದ. ಕೈತೊಳೆದು ಬರ್ತೀನಿ ಅಂತ ಎದ್ದುಹೋದ ಭಾವಮೈದ ಕ್ಯಾಶ್ ಕೌಂಟರಿನಲ್ಲಿ ಫೋನು ಸ್ಕ್ಯಾನ್ ಮಾಡಿ ಬಂದಿದ್ದ. ಜೇಬಿನಿಂದ ತೆಗೆದ ನೋಟನ್ನು ಕೈಯಿಂದ ಕೈಗೆ ದೂಡಿ ಅಂಗಿ ಹರಿಯುವಷ್ಟು ಎಳೆದಾಡಿ ಗೆಲ್ಲುವ ಕಾಲದ ಚಿಕ್ಕಪ್ಪ, ಇದು ಮೋಸ ಅಂದರು. ಹೊರಡುವ ಮುಂಚೆ ಸೊಸೆ ಎಲ್ಲರನ್ನೂ ನಿಲ್ಲಿಸಿ ಒಂದು ಸೆಲ್ಫಿ ತೆಗೆದಳು. ಟ್ರೇ, ಪತ್ರಿಕೆ, ದೋಸೆಯ ತಟ್ಟೆ ಎಲ್ಲವೂ ಅದರಲ್ಲಿ ಬಂದವು.

ಶಾಂತಿಗ್ರಾಮದ ಟೋಲಿನ ಹತ್ತಿರ ಫೋನ್ ಬಂತು. ಹೊಳೆನರಸೀಪುರ. ಅಮ್ಮ ಎತ್ತಿದರೆ ಅದು ತಾನಾಗಿ ಸ್ಪೀಕರಿಗೆ ಹೋಯಿತು.

“ಸ್ಟೇಟಸ್ ನೋಡ್ದೆ ಕಣವ್ವ. ಪಟ್ಣದಲ್ಲಿ ಉಣ್ಬೇಕು ಅಂತ ನನ್ ಮುದ್ದೆ ಬ್ಯಾಡ ಅಂದ್ಬುಟ್ಟು, ಹೋಟ್ಲಲ್ಲಿ ಕೂತಿದೀರಲ್ಲ?”

“ಅಯ್ಯೋ, ಅವ್ರೇ ಕರ್ಕೊಂಡೋದ್ರು ಅಕ್ಕ. ಬರೀ ಕಾಫಿ.”

“ನಾನು ಗೋಬಿ ತಿಂದೆ!” ಹಿಂದಿನಿಂದ ಮಗು ಕೂಗಿತು.

ಆ ಕಡೆ ಒಂದು ಗಳಿಗೆ ಸುಮ್ಮನಿದ್ದು, “ನಿಮ್ ಜೊತೆ ಬಂದಿದ್ರಲ್ಲ ಬೆಂಗ್ಳೂರಿನೋರು, ಅವ್ರು ಸುಳ್ಳು ಹೇಳಂಗೆ ಕಾಣಾಕಿಲ್ಲ. ಕೊಡು ಅವ್ರಿಗೆ” ಅಂದರು ದೊಡ್ಡಮ್ಮ.

ಅಮ್ಮ ಹಿಂದೆ ತಿರುಗಿ ಫೋನನ್ನು ನಿಮ್ಮ ಕಡೆಗೆ ಚಾಚಿದ್ದಾಳೆ. ತಗೊಳ್ಳಿ. ಸಾಗು ಎರಡನೇ ಸಲ ಹಾಕಿಸಿಕೊಂಡದ್ದನ್ನು ಮಾತ್ರ ಹೇಳಬೇಡಿ.